ಮೈತ್ರಿಯ ಐದು ಸುತ್ತು

ನನ್ನ ಅಕ್ಕನ ಮಗಳು ಮೈತ್ರಿಗೆ ಗೋ-ಕಾರ್ಟ್ ಓಡಿಸಲು ಹೆದರಿಕೆ ಎಂದು ಯಾರಾದರೂ ಹೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಇದು 2004ರ ಮಾತು. ಆಗ ಅವಳಿಗೆ ಇಪ್ಪತ್ತೆರಡು. ಆಟಿಸಂ ಎಂಬ ಹೆಸರನ್ನು ಡಾಕ್ಟರು ಹೇಳುವ ಹೊತ್ತಿಗೆ ಅವಳ ಹೈಸ್ಕೂಲೇ ಮುಗಿದಿತ್ತು. ಅಲ್ಲಿಯವರೆಗೆ ಭದ್ರಾವತಿ ನ್ಯೂ ಟೌನಿನ ನಮ್ಮ ಜನ ಬೇರೆ ಏನೇನೋ ಹೆಸರಿಟ್ಟಿದ್ದರು. ಅವನ್ನು ಬರೆಯಲು ನನಗೆ ಮನಸ್ಸಿಲ್ಲ.

ಶಿವಮೊಗ್ಗದ ಒಂದು ಕ್ಲಬ್ಬಿನವರು ಮುಚ್ಚಿಹೋದ ಅಕ್ಕಿ ಗಿರಣಿಯಲ್ಲಿ, ಭತ್ತ ಒಣಗಿಸುವ ಸಿಮೆಂಟ್ ಕಣದ ಮೇಲೆ ಹಳೆ ಟೈರು ಜೋಡಿಸಿ ಟ್ರ್ಯಾಕ್ ಮಾಡಿದ್ದರು. ಪ್ರತಿ ಭಾನುವಾರ ನಾನು ಮೈತ್ರಿಯನ್ನು ಬೈಕಿನಲ್ಲಿ ಕರೆದೊಯ್ಯುತ್ತಿದ್ದೆ. ಅವಳು ಮೊದಲು ಟ್ರ್ಯಾಕಿನ ಮೇಲೆ ಮೂರು ಸಲ ನಡೆದು, ಬಿರುಕು ಬಿಟ್ಟ ಜಾಗವನ್ನೆಲ್ಲ ಕಾಲಿನಿಂದ ಮುಟ್ಟಿ ನೋಡುವಳು. ಆಮೇಲೆ ಕಾರ್ಟ್ ಹತ್ತಿದರೆ ಪ್ರತಿ ಸುತ್ತಿನಲ್ಲೂ ಚಕ್ರ ಅದೇ ಜಾಡಿನಲ್ಲಿ ಹೋಗುತ್ತಿತ್ತು. ಸೋದರಮಾವ ಅಂತ ಹೇಳುತ್ತಿಲ್ಲ, ಅವಳಷ್ಟು ಚೆನ್ನಾಗಿ ಓಡಿಸುವವರು ಅಲ್ಲಿ ಇನ್ನೊಬ್ಬರಿರಲಿಲ್ಲ.

ಆದರೆ ಎರಡನೆಯದೋ ಮೂರನೆಯದೋ ಸುತ್ತಿಗೆ, ಕೊನೆಯ ತಿರುವಿನಲ್ಲಿ ಗಾಡಿ ನಿಲ್ಲಿಸಿಬಿಡುವಳು. ಹೆದರಿಕೆ ಎಂದರು ಎಲ್ಲರೂ. ಮೊದಲ ದಿನದಿಂದ ನಾನು ನಿಲ್ಲುತ್ತಿದ್ದುದೂ ಆ ತಿರುವಿನಲ್ಲೇ. ನಾನು ಕೆಲಸ ಮಾಡುತ್ತಿದ್ದ ಕಾರ್ಖಾನೆಯ ಕಬಡ್ಡಿ ತಂಡವನ್ನು ಗೆಲ್ಲಿಸಿದ್ದೇ ನನ್ನ ಗಂಟಲು ಎಂದು ನಂಬಿದವನು ನಾನು. ಧೈರ್ಯ ಸಾಲದೇನೋ ಎಂದು ಇನ್ನಷ್ಟು ಜೋರಾಗಿ ಕೂಗಿದೆ. ಶಿಳ್ಳೆ ಹೊಡೆಯಲಿ ಎಂದು ಗೆಳೆಯ ಆನಂದನನ್ನೂ ಅವನ ಪಟಾಲಮ್ಮನ್ನೂ ಕರೆದುಕೊಂಡು ಹೋದೆ.

ಆರನೇ ಭಾನುವಾರ ಕ್ಲಬ್ಬಿನ ಉಮಾಮಹೇಶ್ವರ ಮೈಸೂರಿನ ಪಂದ್ಯಕ್ಕೆ ತಂಡ ಆರಿಸುತ್ತಿದ್ದರು. ನಿಲ್ಲಿಸದೆ ಐದು ಸುತ್ತು ಮುಗಿಸಿದರೆ ಜಾಗ, ಇಲ್ಲದಿದ್ದರೆ ಇಲ್ಲ ಎಂದರು. ಮೈತ್ರಿ ಮೂರನೇ ಸುತ್ತಿಗೆ ನಿಂತಳು. ಒಳ್ಳೆಯ ಮನುಷ್ಯ, ಚಹಾ ಆದಮೇಲೆ ಇನ್ನೊಂದೇ ಒಂದು ಸಲ ನೋಡೋಣ ಎಂದರು.

ನಾನು ಅವಳ ಪಕ್ಕ ಕುಕ್ಕರಗಾಲಲ್ಲಿ ಕೂತು, ಹೆದರಬೇಡ ಎಂದು ನೂರೆಂಟು ಸಲ ಹೇಳಿದೆ. ಅವಳು ಹೆಲ್ಮೆಟ್ ತೆಗೆದು ಸ್ಟೀರಿಂಗ್ ನೋಡುತ್ತಾ ಹೇಳಿದಳು:

"ಹೆದರಿಕೆ ಇಲ್ಲ ಮಾವ. ಇಂಜಿನ್ ಯಾವಾಗ ಸದ್ದು ಮಾಡುತ್ತೆ ಅಂತ ನಂಗೆ ಗೊತ್ತು. ನೀವು ಯಾವಾಗ ಕೂಗ್ತೀರಿ ಅಂತ ಗೊತ್ತಾಗಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. "ಹಾಗಾದ್ರೆ ನಾನು ಬರೋದೇ ಬೇಡ ಅನ್ನು" ಎಂದೆ. ಅವಳು ಹೆಲ್ಮೆಟ್ ಹಾಕಿಕೊಂಡಳು.

ದೂರ ಹೋಗಿ ಬೀಡಿ ಹಚ್ಚಿದೆ. ಆರು ವಾರ ಅವಳು ನಿಲ್ಲಿಸಿದ್ದೆಲ್ಲ ನನ್ನ ಬಾಯಿಯ ಮುಂದೆಯೇ ಎಂದು ಹೊಳೆದಾಗ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಬೀಡಿ ಎಸೆದು ಬಂದು, ಯಾರೂ ತುಟಿ ಪಿಟಕ್ಕೆನ್ನಕೂಡದು ಎಂದು ಎಲ್ಲರಿಗೂ ಹೇಳಿದೆ.

"ಏನ್ ಉಜ್ಜನಪ್ಪ, ಹುಡುಗಿನ ಹುರಿದುಂಬಿಸೋದು ಬೇಡ್ವಾ ಮಾರಾಯ?" ಎಂದ ಆನಂದ.

"ಇದೇ ಹುರಿದುಂಬಿಸೋದು. ಬಾಯಿ ಮುಚ್ಚು" ಎಂದೆ.

ಶುರುವಿಗೆ ಸೀಟಿ ಊದದೆ ಬಾವುಟ ಮಾತ್ರ ತೋರಿಸಲು ಉಮಾಮಹೇಶ್ವರ ಒಪ್ಪಿದರು. ನಾನು ಅದೇ ತಿರುವಿನಲ್ಲಿ ಕೈ ಕಟ್ಟಿ ನಿಂತೆ. ಒಂದು, ಎರಡು. ಮೂರನೆಯದಕ್ಕೆ ಗಾಡಿ ನನ್ನ ಮುಂದೆ ನಿಲ್ಲದೆ ಹೋಯಿತು. ನಾಲ್ಕನೆಯದಕ್ಕೆ ಶಭಾಷ್ ಎಂಬುದು ಬಾಯಿಗೇ ಬಂದಿತ್ತು, ಟವೆಲ್ ಕಚ್ಚಿಕೊಂಡು ತಡೆದೆ. ಐದೂ ಮುಗಿಯಿತು. ಉಮಾಮಹೇಶ್ವರ ಗಡಿಯಾರವನ್ನು ಎರಡು ಸಲ ನೋಡಿ, ಅವಳ ಹೆಸರನ್ನು ಪಟ್ಟಿಯ ತುದಿಯಲ್ಲಿ ಬರೆದರು. ನಾನು ಸದ್ದಿಲ್ಲದೆ ಅತ್ತೆ.

ಮೈತ್ರಿ ಹತ್ತಿರ ಬಂದು ನನ್ನ ಅಂಗಿಯ ಗುಂಡಿ ನೋಡುತ್ತಾ ನಿಂತಳು.

"ಮುಂದಿನ ಭಾನುವಾರನೂ ಬನ್ನಿ ಮಾವ" ಎಂದಳು. "ಆ ತಿರುವಲ್ಲೇ ನಿಂತ್ಕೊಳ್ಳಿ."