ಮಲಗಿದ ಹೆಸರು

ಮಿಟುಕುತ್ತಿದೆ ಕರ್ಸರು, ಕಪ್ಪು ಪರದೆಯ ಮೇಲೊಂದು ಬಿಳಿ ಗೆರೆ, ಹೊರಗೆ ರಂಗಂಪೇಟೆಯ ರಸ್ತೆಯಲ್ಲಿ ಯಾರೋ ಬೈಕು ನಿಲ್ಲಿಸಿದ ಸದ್ದು, ಪಂಚಶೀಲಾಳ ಕತ್ತು ತಾನೇ ಬಾಗಿಲ ಕಡೆ ತಿರುಗುತ್ತದೆ, ತಮ್ಮ ಬಂದನೇನೋ ಎಂದು — ಹುಚ್ಚು ಕತ್ತು, ಇನ್ನೂ ಬುದ್ಧಿ ಬಂದಿಲ್ಲ, ಸತ್ತವನು ಎಲ್ಲಿಂದ ಬರುತ್ತಾನೆ, ಅವನ ಫ್ಲೆಕ್ಸ್ ಅಂಗಡಿ, ಅವನ ಕುರ್ಚಿ, ಅವನ ಮೌಸು, ನಾಳೆ ಅವನ ಹುಟ್ಟಿದ ದಿನ. ಬೆಳಿಗ್ಗೆ ಅವನ ಗೆಳೆಯ ಫಕ್ರುದ್ದೀನ ಬಂದು ನೆಲ ನೋಡುತ್ತ ನಿಂತಿದ್ದ, ಅಕ್ಕಾರ, ಶ್ರದ್ಧಾಂಜಲಿ ಅಂತ ಬರೀಬ್ಯಾಡ್ರಿ, ಬರೇ ಹೆಸರು ಹಾಕ್ರಿ, ಬೆಂಕಿ ಅಕ್ಷರದಾಗ, ಅವಗ ಅದೇ ಸೇರತಿತ್ತು, ಸಂಜಿಗೆ ಬಂದು ಒಯ್ತೀನ್ರಿ. ಹೂಂ ಅಂದುಬಿಟ್ಟಳು. ಸೇರುತ್ತಿತ್ತು, ಹೌದು, ತಮ್ಮನ ಬಾಯಲ್ಲಿ ಚೆಂದದ್ದೆಲ್ಲವೂ ಬೆಂಕಿ, ಫಕ್ರುದ್ದೀನನ ಹೊಸ ಅಂಗಿ ಬೆಂಕಿ, ಮಿರ್ಚಿ ಬೆಂಕಿ, ಹಣೆಗೆ ಬಿದ್ದ ಕೂದಲನ್ನು ಉಫ್ ಎಂದು ಊದಿಕೊಳ್ಳುತ್ತ ತಿನ್ನುತ್ತಿದ್ದ, ಅವಳು ಉಪ್ಪು ಮರೆತ ಸಾರೂ ಬೆಂಕಿ ಆಗ್ಯಾದ ನೋಡಕ್ಕ, ಕಳ್ಳ. ಆದರೆ ಅವ್ವ, ಮಧ್ಯಾಹ್ನ ಬುತ್ತಿ ತಂದವಳು, ಏನ್ ಮಾಡಾಕತ್ತೀದಿ ಅಂದಳು, ಇವಳು ಹೇಳಿದಳು, ಅವ್ವ ಬುತ್ತಿ ಕೆಳಗಿಟ್ಟಳು, ನಮ್ಮ ಮಂದ್ಯಾಗ ಯಾರನ್ನೂ ಸುಟ್ಟಿಲ್ಲ, ಮಣ್ಣಾಗ ಇಟ್ಟು ಬಂದ ಕೂಸಿಗೆ ಈಗ ನೀ ಬೆಂಕಿ ಹಚ್ಚತೀ ಏನ? ಮೆಲ್ಲಗೇ ಅಂದಳು. ಜೋರಾಗಿ ಬೈದಿದ್ದರೆ ಚೆನ್ನಾಗಿತ್ತು.

ಬುದ್ಧಪ್ರಿಯ. ಬಿಳಿ ಅಕ್ಷರ, ಕಪ್ಪು ನೆಲ. ಬೆಂಕಿ ಅಕ್ಷರ ಮಾಡುವುದನ್ನು ತಮ್ಮನೇ ಕಲಿಸಿದ್ದು, ಬಾಯ್ತುಂಬ ಚುರುಮುರಿ ಇಟ್ಟುಕೊಂಡು ಹಿಂದೆ ನಿಂತು, ನೋಡಕ್ಕ, ಅಕ್ಷರಕ್ಕ ಗಾಳಿ ಬಿಡೋ ಬಟನ್ ಅದ ಇಲ್ಲಿ, ಆದ್ರ ಕಂಪ್ಯೂಟರಿನ ಗಾಳಿ ಅಡ್ಡ ಬೀಸತದ, ಮ್ಯಾಲಕ್ಕ ಬೀಸಂಗಿಲ್ಲ, ಅದಕ್ಕ ಮದಲ ಹೆಸರು ಮಲಗಸಬೇಕು, ತಲಿ ಎಡಕ್ಕ, ಗಾಳಿ ಬಲಗಡಿಂದ ಬಿಡು, ತಲಿಕಟ್ಟಿನಿಂದ ಎಳಿ ಎಳಿ ಏಳ್ತದ, ಆಮ್ಯಾಲ ಎಬ್ಬಿಸಿ ನಿಂದ್ರಸು, ಹಳದಿ ಕೆಂಪು ಹಾಕು, ಉರಿ ಬಂತು, ಒತ್ತಕ್ಷರ ಮಾತ್ರ ಸುಡಬ್ಯಾಡ, ಹೆಸರು ಕೆಡ್ತದ. ಮೊದಲ ಸಲ ಅವಳು ತಲೆ ಬಲಕ್ಕೆ ಮಲಗಿಸಿಬಿಟ್ಟಿದ್ದಳು, ಎಬ್ಬಿಸಿದರೆ ಉರಿ ಕೆಳಗೆ ಸುರಿಯುತ್ತಿತ್ತು, ಯಕ್ಕಾ, ಬೆಂಕಿ ಕಾಲಿಗೆ ಹತ್ತ್ಯಾದ! ನಕ್ಕು ನಕ್ಕು ಚುರುಮುರಿ ಕೀಬೋರ್ಡಿನ ತುಂಬ, ಇನ್ನೂ ಒಂದೆರಡು ಕಾಳು ಸಂದಿಯಲ್ಲಿರಬೇಕು, ಅವಳು ಕೊಡವಿಲ್ಲ, ಕೊಡವುವುದೂ ಇಲ್ಲ. ಇವತ್ತು ತಪ್ಪಲಿಲ್ಲ. ಹೆಸರು ಮಲಗಿತು, ತಲೆ ಎಡಕ್ಕೆ — ಹಾಗೇ ಮಲಗಿಸಿದ್ದರು ಶಹಾಪುರದ ಆಸ್ಪತ್ರೆಯಲ್ಲಿ, ಭೀಮರಾಯನಗುಡಿ ಕಾಲುವೆಯ ತಿರುವಿನಲ್ಲಿ ಬೈಕಿನಿಂದ ಬಿದ್ದವನನ್ನು ಎತ್ತಿ ತಂದು, ಕಪ್ಪು ರೆಕ್ಸಿನ್ನಿನ ಮೇಲೆ, ಬಿಳಿ ಬಟ್ಟೆ ಎದೆತನಕ, ಮೇಲೆ ಫ್ಯಾನು, ಹಣೆಯ ಕೂದಲು ಅಲುಗುತ್ತಿತ್ತು, ಅಲುಗಿದ್ದು ನೋಡಿ ಅವಳು ಜೀವ ಅದ ಎಂದು ಕೂಗಿದ್ದಳು, ಏಳೋ, ಅವ್ವ ಬಂದಾಳ ಏಳೋ, ನರ್ಸಮ್ಮ ಹೋಗಿ ಫ್ಯಾನು ಆರಿಸಿದಳು, ಕೂದಲು ನಿಂತಿತು.

ಗಾಳಿ ಬಿಟ್ಟಳು. ತಲೆಕಟ್ಟಿನಿಂದ ಬಿಳಿ ಎಳೆಗಳು ಎದ್ದವು. ಇನ್ನು ಎಬ್ಬಿಸುವುದೊಂದೇ, ಎಬ್ಬಿಸಿದರೆ ಬೆಂಕಿ, ಮಣ್ಣಾಗ ಇಟ್ಟು ಬಂದ ಕೂಸು, ಅವಗ ಅದೇ ಸೇರತಿತ್ತು, ಆತೇನ್ರಿ ಅಕ್ಕಾರ, ಬಾಗಿಲಲ್ಲಿ ಫಕ್ರುದ್ದೀನ, ಆತು, ಆಗಲಿಲ್ಲ, ಬೆರಳು ಮೌಸಿನ ಮೇಲೆ, ಏಳೋ, ಬೆರಳು ಒತ್ತುವುದಿಲ್ಲ, ತಲೆ ಎಡಕ್ಕೆ, ಹಣೆಯ ಮೇಲೆ ಎಳೆ ಎಳೆ ಕೂದಲು, ಗಾಳಿಗೆ ಎದ್ದದ್ದು, ಹಾಗೇ ನಿಂತದ್ದು