ಎಂಬತ್ತೇಳನೆಯವನು

ನಮ್ಮ ಧಣಿ, ಊರ ಚರ್ಚಿನ ಹಿರಿಯರಲ್ಲೊಬ್ಬರಾದ ಡೀಕನ್ ಆಸಹೇಲ್ ಥರ್ಲೋ ಅವರಿಗೆ ಎರಡು ಹೆಮ್ಮೆಗಳಿದ್ದವು. ಒಂದು ಅವರ ಸೇಬಿನ ತೋಟ, ಇನ್ನೊಂದು ನಾನು. ತೋಟವನ್ನು ನೆಟ್ಟಿದ್ದು ಅವರಪ್ಪ, ನನ್ನನ್ನು ಕೊಂಡಿದ್ದೂ ಅವರಪ್ಪ. ಆದರೂ ಎರಡನ್ನೂ ತಾವೇ ಬೆವರು ಸುರಿಸಿ ಮಾಡಿದವರಂತೆ ಮಾತನಾಡುತ್ತಿದ್ದರು. ಪಾದ್ರಿಗಳ ಭಾನುವಾರದ ಉಪದೇಶಗಳನ್ನು ಪ್ರತಿ ಮಾಡಲು ಆಳೊಬ್ಬ ಬೇಕು ಅಂತ ಚಿಕ್ಕಂದಿನಲ್ಲೇ ನನಗೆ ಓದು ಬರಹ ಕಲಿಸಿದ್ದರು. ಮನೆಗೆ ಯಾರೇ ಬರಲಿ, "ನಮ್ಮ ಕ್ವಾಕೊ ಅಕ್ಷರ ನೋಡಿ, ಮುತ್ತು ಪೋಣಿಸಿದ ಹಾಗಿದೆ" ಅಂತ ಹಾಳೆ ತೆಗೆದು ತೋರಿಸುತ್ತಿದ್ದರು. ಮುತ್ತು ನನ್ನದು, ಮೆಚ್ಚುಗೆ ಅವರಿಗೆ.

ಆ ವರ್ಷ ಇಂಗ್ಲೆಂಡಿನ ರಾಜನ ಸೈನ್ಯ ಬಾಸ್ಟನ್ ಬಿಟ್ಟು ಹಡಗು ಹತ್ತಿ ಎರಡು ತಿಂಗಳಾಗಿತ್ತು. ಪ್ರಾಂತ್ಯದ ಸಭೆಯಿಂದ ಎಲ್ಲ ಊರುಗಳಿಗೂ ಒಂದು ಪ್ರಶ್ನೆ ಬಂದಿತ್ತು: ಇಂಗ್ಲೆಂಡಿನ ಸಂಬಂಧ ಕಡಿದುಕೊಳ್ಳೋಣವೇ? ಹೌದಾದರೆ ಕಾರಣ ಬರೆದು, ಊರಿನ ಸಭೆಯಲ್ಲಿ ಮತ ಹಾಕಿ ಕಳಿಸಿ. ಕಾರಣ ಬರೆಯಲು ನಮ್ಮೂರಿನವರು ಮೂವರನ್ನು ಆರಿಸಿದರು. ಅದರಲ್ಲಿ ಡೀಕನ್ನರೇ ಮೊದಲಿಗರು.

ನನಗಿದ್ದ ಚಿಂತೆ ಬೇರೆ. ಡೀಕನ್ನರ ಮಗಳು ಹೆಪ್ಸಿಬಾಗೆ ನ್ಯೂಪೋರ್ಟಿನ ವರ ಗೊತ್ತಾಗಿದ್ದ. ಹುಲ್ಲು ಕೊಯ್ಲು ಮುಗಿದ ಮೇಲೆ ಮದುವೆ. ಮಗಳ ಜೊತೆ ಏನೇನು ಕಳಿಸಬೇಕು ಅಂತ ಡೀಕನ್ನರು ಊಟದ ಮೇಜಿನಲ್ಲಿ ಓದಿ ಹೇಳಿದರು: ಗರಿಯ ಹಾಸಿಗೆ, ತವರದ ತಟ್ಟೆಗಳು, ಕೆಂಪು ಹಸು, ವಯೊಲೆಟ್.

ವಯೊಲೆಟ್ ನನ್ನ ಹೆಂಡತಿ. ಅದೇ ಹೊತ್ತಿನಲ್ಲಿ ಅವಳು ಅವರ ತಟ್ಟೆಗೆ ಬೇಯಿಸಿದ ಬೀನ್ಸ್ ಕಾಳು ಬಡಿಸುತ್ತಾ ನಿಂತಿದ್ದಳು. ಬಡಿಸಿ ಮುಗಿಸಿದಳು. ಅಡುಗೆಮನೆಗೆ ಬಂದ ಮೇಲೆ ನನ್ನ ಮುಖ ನೋಡಿ ಹೇಳಿದಳು: "ಹಸು ಆದ್ಮೇಲೆ ನನ್ನ ಹೆಸರು ಓದಿದ್ರು ಕಣ್ರೀ. ಕೇಳಿಸ್ತಾ? ಆ ಹಸು ಒದೆಯುತ್ತೆ, ನಾನು ಒಂದಿನಾನೂ ಒದ್ದಿಲ್ಲ."

"ತಮಾಷೆ ಮಾಡೋ ಹೊತ್ತೇನೇ ಇದು?"

"ಅತ್ರೆ ಗಾಡಿ ನಿಲ್ಲುತ್ತಾ ಹೇಳಿ, ಅಳ್ತೀನಿ."

ನ್ಯೂಪೋರ್ಟಿಗೆ ಗಾಡಿಯಲ್ಲಿ ಮೂರು ದಿನದ ದಾರಿ. ಅಲ್ಲಿಗೆ ಹೋದ ಆಳುಗಳು ಅಲ್ಲಿಂದ ಇನ್ನೆಲ್ಲಿಗೆ ಮಾರಿಹೋಗುತ್ತಾರೆ ಎಂಬುದು ಯಜಮಾನರ ಇಷ್ಟ. ಅವಳನ್ನು ಮತ್ತೆ ನೋಡುವ ಭರವಸೆ ನನಗಿರಲಿಲ್ಲ.

ಸೋಮವಾರ ಮಧ್ಯಾಹ್ನ ಮೂವರೂ ನಮ್ಮ ಅಡುಗೆಮನೆಯ ಮೇಜಿನ ಸುತ್ತ ಕೂತರು. ಡೀಕನ್ನರು ಬಿಟ್ಟರೆ ಒಬ್ಬರು ಕ್ಯಾಪ್ಟನ್ ಬಾರ್ಜಿಲಾಯ್ ಸ್ಟೋ. ಮರ ಕೊಯ್ಯುವ ಗಿರಣಿಯ ಯಜಮಾನರು, ಊರ ಸಭೆಯ ಅಧ್ಯಕ್ಷರು. ಇನ್ನೊಬ್ಬರು ಎಲಿಫಲೆಟ್ ನೋಯ್ಸ್, ಊರಿನ ಗುಮಾಸ್ತರು. ನೋಯ್ಸ್ ಕುದುರೆಯಿಂದ ಬಿದ್ದು ಬಲಗೈ ಮುರಿದುಕೊಂಡಿದ್ದರು. ಹಾಗಾಗಿ ಲೇಖನಿ ನನ್ನ ಕೈಗೆ ಬಂತು.

"ಪೈನ್ ಮರದ ವಿಷಯ ಮೊದ್ಲು ಬರಿ," ಅಂದರು ಸ್ಟೋ. "ಜಮೀನು ನಂದು, ಮರ ನಂದು. ರಾಜನ ಆಳು ಬಂದು ಅದಕ್ಕೆ ಬಾಣದ ಗುರುತು ಕೆತ್ತಿ ಹೋಗ್ತಾನೆ. ಹಡಗಿನ ಕಂಬಕ್ಕೆ ಬೇಕಂತೆ! ನಾನು ಕೊಡಲಿ ಇಟ್ರೆ ದಂಡ ನಂಗೆ."

"ಸುಂಕ ಬಿಡ್ಬೇಡಿ," ಅಂದರು ನೋಯ್ಸ್. "ನಮ್ಮೋರು ಒಬ್ರೂ ಇಲ್ಲದ ಸಭೆ, ಸಮುದ್ರದ ಆಚೆ ಕೂತು, ನಮ್ಮ ಜೇಬಿಗೆ ಕೈ ಹಾಕುತ್ತೆ."

ಡೀಕನ್ನರು ಸೇಬಿನ ಸೈಡರ್ ಲೋಟ ಕೆಳಗಿಟ್ಟು ಎದ್ದು ನಿಂತರು. "ಇದೆಲ್ಲಾ ವ್ಯಾಪಾರಿಗಳ ಗೊಣಗಾಟ ಕಣ್ರಯ್ಯಾ. ನಾಳೆ ರಾಜ ಸುಂಕ ಕಮ್ಮಿ ಮಾಡಿದ್ರೆ ಬಾಯಿ ಮುಚ್ಕೊಂಡು ಕೂರ್ತೀವಾ? ಬುಡಕ್ಕೇ ಕೈ ಹಾಕ್ಬೇಕು. ಬರ್ಕೊಳೋ ಕ್ವಾಕೊ."

ಅವರು ಅಡುಗೆಮನೆಯಲ್ಲಿ ಶತಪಥ ತಿರುಗುತ್ತಾ ಹೇಳಿದರು, ನಾನು ಬರೆದೆ: "ಪ್ರತಿಯೊಬ್ಬ ಮನುಷ್ಯನೂ ಹುಟ್ಟಿನಿಂದಲೇ ಸ್ವತಂತ್ರ. ಆ ಸ್ವಾತಂತ್ರ್ಯ ದೇವರು ಕೊಟ್ಟದ್ದು. ಅದನ್ನು ಇನ್ನೊಬ್ಬರು ಕಿತ್ತುಕೊಳ್ಳುವಂತಿಲ್ಲ. ಅವನಾಗಿಯೇ ಮಾರಿಕೊಳ್ಳುವ ಅಧಿಕಾರವೂ ಅವನಿಗಿಲ್ಲ."

ಸುಳ್ಳು ಹೇಳುವುದಿಲ್ಲ, ಮಾತು ಚೆನ್ನಾಗಿತ್ತು. ಅಷ್ಟು ವರ್ಷ ಪಾದ್ರಿಗಳ ಉಪದೇಶ ಬರೆದು ಬರೆದು ಸವೆದಿದ್ದ ನನ್ನ ಕೈಗೂ ಅದು ಹೊಸದು ಅನ್ನಿಸಿತು. ನಾನು ತಲೆ ಎತ್ತಿ ಕೇಳಿದೆ: "ಪ್ರತಿಯೊಬ್ಬ ಅಂತಲೇ ಇರ್ಲಾ, ಧಣಿ?"

"ಮತ್ತಿನ್ನೇನು? ದೇವರು ಆರಿಸಿ ಆರಿಸಿ ಹುಟ್ಟಿಸ್ತಾನೇನೋ?"

"ಇಲ್ಲ ಧಣಿ."

ನೋಯ್ಸ್‌ರಿಗೆ ಸೈಡರ್ ನೆತ್ತಿಗೇರಿ ಕೆಮ್ಮು ಬಂತು. ಒಲೆಯ ಹತ್ತಿರ ವಯೊಲೆಟ್ ನಮ್ಮ ಕಡೆ ಬೆನ್ನು ಹಾಕಿ ಸೌಟು ತಿರುಗಿಸುತ್ತಲೇ ಇದ್ದಳು. ಡೀಕನ್ನರಿಗೆ ಮಾತ್ರ ಏನೂ ಹೊಳೆಯಲಿಲ್ಲ. ಕೆಟ್ಟವರಾಗಿದ್ದರೆ ಹೊಳೆಯುತ್ತಿತ್ತೇನೋ, ಅವರು ತಾವು ಒಳ್ಳೆಯವರೆಂದು ನಂಬಿದ್ದರು.

ಸಭೆಯ ದಿನ ಊರೆಲ್ಲ ಪ್ರಾರ್ಥನಾ ಮಂದಿರದಲ್ಲಿ ಸೇರಿತ್ತು. ಕೆಳಗೆ ಮತ ಇದ್ದ ಗಂಡಸರು. ಮೇಲೆ ಅಟ್ಟದಲ್ಲಿ ಹೆಂಗಸರು, ಮೂಲೆಯಲ್ಲಿ ನಾವು ಕರಿಯರು. ಕಾಗದ ಓದಲು ನನ್ನನ್ನೇ ಕರೆಯುತ್ತಾರೆ ಅಂದುಕೊಂಡಿದ್ದೆ, ಡೀಕನ್ನರು ತಾವೇ ಓದಿದರು. ನಮ್ಮಲ್ಲಿ ಒಂದೊಂದು ಪರಿಚ್ಛೇದಕ್ಕೂ ಬೇರೆ ಬೇರೆ ಮತ. "ಪ್ರತಿಯೊಬ್ಬ ಮನುಷ್ಯನೂ" ಎಂಬ ಮೊದಲನೆಯದಕ್ಕೇ ಎಲ್ಲ ಕೈಗಳೂ ಮೇಲೆದ್ದವು. ಸ್ಟೋ ಮುಂದಿನದಕ್ಕೆ ಹೋಗುವವರಿದ್ದರು.

ಅಷ್ಟಕ್ಕೇ ಬಿಟ್ಟಿದ್ದರೆ ಡೀಕನ್ನರು ಬಚಾವಾಗುತ್ತಿದ್ದರು. ಆದರೆ ಪಕ್ಕದ ಊರಿನವರು ಎಪ್ಪತ್ತೊಂಬತ್ತು ಮತ ಅಂತ ಸಂಖ್ಯೆ ಬರೆದು ಕಳಿಸಿದ್ದಾರೆಂಬ ಸುದ್ದಿ ಅವರ ಕಿವಿಗೆ ಬಿದ್ದಿತ್ತು.

"ಅಧ್ಯಕ್ಷರೇ, ಕೈ ಎತ್ತೋದು ಯಾವ ಮಹಾ ಕೆಲಸ!" ಅಂತ ಎದ್ದು ನಿಂತರು. "ಸಭೆ ಎರಡು ಪಾಲಾಗ್ಲಿ. ತಲೆ ಎಣಿಸಿ. ನಮ್ಮೂರ ಸಂಖ್ಯೆಯೂ ಬಾಸ್ಟನ್‌ಗೆ ಹೋಗ್ಲಿ."

ಯಾರಾದರೂ ಹಾಗೆ ಕೇಳಿದರೆ ಎಲ್ಲರೂ ಜಾಗ ಬಿಟ್ಟು ಏಳಲೇಬೇಕು. ಒಪ್ಪಿದವರು ದಕ್ಷಿಣದ ಗೋಡೆಗೆ, ಒಪ್ಪದವರು ಉತ್ತರದ ಗೋಡೆಗೆ. ಗೊಣಗುತ್ತಾ, ಒಬ್ಬರ ಕಾಲು ಒಬ್ಬರು ತುಳಿಯುತ್ತಾ ಎಲ್ಲರೂ ದಕ್ಷಿಣಕ್ಕೆ ಹೊರಟರು. ಉತ್ತರದಲ್ಲಿ ಯಾರದೋ ನಾಯಿ ಮಲಗಿತ್ತು, ಅಷ್ಟೆ. ಡೀಕನ್ನರು ಉತ್ಸಾಹ ತಡೆಯಲಾರದೆ ಕೂಗಿದರು: "ಈ ಮಾತು ಒಪ್ಪೋ ಪ್ರತಿಯೊಬ್ರೂ ಈ ಕಡೆ ಬನ್ನಿ! ಯಾರೂ ಹಿಂದೆ ಉಳೀಬೇಡಿ!"

ನಾನು ಎದ್ದು ನಿಂತೆ. ಮತ್ತೆ ಕೂರುವವನಿದ್ದೆ. ವಯೊಲೆಟ್ ನನ್ನ ಸೊಂಟಕ್ಕೆ ಮೊಣಕೈಯಿಂದ ತಿವಿದಳು.

"ಹೋಗ್ರೀ. ಇವತ್ತು ನೀವು ಅಲ್ಲಿವರೆಗೆ ಹೋಗದಿದ್ರೆ, ನಾನು ನ್ಯೂಪೋರ್ಟ್‌ವರೆಗೆ ಹೋಗ್ಬೇಕು."

ಇಳಿದೆ. ಮೆಟ್ಟಿಲು ಕಿರುಗುಟ್ಟಿದ್ದು ಮಂದಿರಕ್ಕೆಲ್ಲ ಕೇಳಿಸಿತು. ಸಾಲಿನ ಕೊನೆಯಲ್ಲಿ, ನೋಯ್ಸ್‌ರ ಪಕ್ಕ ನಿಂತೆ. ಊರಿನ ಕಾವಲುಗಾರ ಕೋಲಿನಿಂದ ಒಬ್ಬೊಬ್ಬರ ಭುಜ ತಟ್ಟುತ್ತಾ ಎಣಿಸಿಕೊಂಡು ಬಂದ. ನೋಯ್ಸ್ ಎಂಬತ್ತಾರು. ಕೋಲು ನನ್ನ ಭುಜದ ಮೇಲೆ ಗಾಳಿಯಲ್ಲೇ ನಿಂತಿತು.

"ಯಾರು ನಿಂಗೆ ಇಳಿದು ಬಾ ಅಂದಿದ್ದು?" ಡೀಕನ್ನರ ಮುಖ ಕೆಂಪೇರಿತ್ತು.

"ನೀವೇ ಧಣಿ. ಒಪ್ಪೋ ಪ್ರತಿಯೊಬ್ರೂ ಬನ್ನಿ ಅಂದ್ರಲ್ಲ. ನಾನು ಬರೆಯೋವಾಗ್ಲೇ ಒಪ್ಪಿದ್ದೆ."

ಹಿಂದೆ ಯಾರೋ ಕಿಸಕ್ಕನೆ ನಕ್ಕರು. "ಅವನು ಮತದಾರನಲ್ಲ," ಅಂದರು ಇನ್ಯಾರೋ. "ಅವನು ಸ್ವತಂತ್ರನೇ ಅಲ್ಲ," ಅಂದಿತು ಮತ್ತೊಂದು ಧ್ವನಿ.

"ಹೌದಾ?" ಅಂದರು ನೋಯ್ಸ್, ಮುರಿದ ಕೈ ಎದೆಗೆ ಅಪ್ಪಿಕೊಂಡು. "ಹಾಗಾದ್ರೆ ನಾವೆಲ್ಲಾ ಈಗ ಎದ್ದು ಬಂದು ನಿಂತಿದ್ದು ಯಾವ ಮಾತಿಗೆ?"

"ನಾನು ಹೇಳಿದ್ದು ರಾಜನ ವಿಷಯ!" ಡೀಕನ್ನರು ಗದರಿದರು.

ಕ್ಯಾಪ್ಟನ್ ಸ್ಟೋ ಕಾಗದವನ್ನು ಕಣ್ಣಿನ ಹತ್ತಿರ ಹಿಡಿದು ಓದಿಕೊಂಡರು. ಅವರು ನನ್ನ ಪಕ್ಷದವರೇನಲ್ಲ. ಸಭೆಯ ನಿಯಮ ತಪ್ಪಿದರೆ ಸ್ವಂತ ತಮ್ಮನನ್ನೂ ಹೊರಗೆ ಹಾಕುವ ಮನುಷ್ಯ. "ಡೀಕನ್ನೋರೆ, ಈ ಪರಿಚ್ಛೇದದಲ್ಲಿ ರಾಜ ಇಲ್ಲ. ರಾಜ ಬರೋದು ಮುಂದಿನದ್ರಲ್ಲಿ. ಈಗ ಎರಡೇ ದಾರಿ. ಮಾತು ಹೀಗೇ ಇದ್ರೆ, ಇವನನ್ನ ಬಿಟ್ಟು ಎಣಿಸೋಕೆ ನಂಗೆ ಕಾರಣ ಕಾಣಲ್ಲ. ಇವನನ್ನ ಬಿಡ್ಬೇಕು ಅಂದ್ರೆ ಮಾತನ್ನ ಹೊಡೆದುಹಾಕಿ ಮತ್ತೆ ಮತ ತಗೋತೀನಿ. ಪೈನ್ ಮರ, ಸುಂಕ ಉಳ್ಕೊಳ್ಳುತ್ತೆ. ಬರೆದೋರು ನೀವು, ಯಜಮಾನ್ರೂ ನೀವು. ಹೇಳಿ."

ಡೀಕನ್ನರು ಕಾಗದ ಕೇಳಿ ತೆಗೆದುಕೊಂಡರು. ಅವರು ಬಹಳ ಹೊತ್ತು ನೋಡಿದ್ದು ನನ್ನನ್ನಲ್ಲ, ಆ ಮಾತುಗಳನ್ನು. ನನಗೆ ಅವರ ಮೇಲೆ ಅಂದು ಇದ್ದಷ್ಟು ಸಿಟ್ಟು ಎಂದೂ ಇರಲಿಲ್ಲ. ನನ್ನ ಮುಖದಲ್ಲಿ ಕಾಣದಿದ್ದದ್ದು ಅವರಿಗೆ ನನ್ನ ಬರಹದಲ್ಲಿ ಕಾಣಬೇಕಿತ್ತು. ಆದರೂ ಅವರು ಅವನ್ನು ಹೊಡೆದುಹಾಕುತ್ತಾರೆಂಬ ಭಯ ನನಗಿರಲಿಲ್ಲ. ಆ ಸಾಲುಗಳಿಲ್ಲದೆ ಉಳಿಯುವುದು ಗೊಣಗಾಟ ಅಂತ ನನಗೆ ಕಲಿಸಿದವರೇ ಅವರು.

"ಮಾತು ಇರ್ಲಿ," ಅಂದರು ಕೊನೆಗೆ.

ಕೋಲು ನನ್ನ ಭುಜ ತಟ್ಟಿತು. "ಎಂಬತ್ತೇಳು."

"ಅಷ್ಟು ಸಾಲ್ದು ಧಣಿ." ವಯೊಲೆಟ್ ಆಗಲೇ ಮೆಟ್ಟಿಲಿಳಿದು ನನ್ನ ಪಕ್ಕಕ್ಕೆ ಬಂದಿದ್ದಳು.

"ಹೆಂಗಸರನ್ನ ಎಣಿಸಲ್ಲಮ್ಮ," ಅಂದರು ಸ್ಟೋ.

"ಎಣಿಸ್ಬೇಡಿ ಸ್ವಾಮಿ. ನಿಲ್ಲೋಕೆ ಜಾಗ ಕೊಟ್ರೆ ಸಾಕು. ಧಣಿ, ಮದುವೆ ಗಾಡಿಗೆ ನನ್ನ ಹತ್ತಿಸ್ತೀರೋ ಇಲ್ವೋ, ಅದನ್ನ ಇಲ್ಲೇ ಬಾಯಿಬಿಟ್ಟು ಹೇಳಿ. ಎಂಬತ್ತಾರು ಜನ ಕೇಳಿಸಿಕೊಳ್ಲಿ."

"ಎಂಬತ್ತೇಳು," ಅಂದೆ ನಾನು.

ಈ ಬಾರಿ ಜೋರಾಗಿಯೇ ನಕ್ಕರು. ಡೀಕನ್ನರು ನಗಲಿಲ್ಲ. "ಹತ್ತಿಸಲ್ಲ," ಅಂದರು. "ನೀನು ಎಲ್ಲಿಗೆ ಹೋಗ್ತೀಯೋ ನಿನ್ನಿಷ್ಟ. ಇಬ್ರಿಗೂ ನಾಳೆ ಬಿಡುಗಡೆ ಕಾಗದ ಬರೆದು ಕೊಡ್ತೀನಿ." ಹೇಳಿದ ಮೇಲೆ ಬೆಂಚಿನ ಮೇಲೆ ಕೂತುಬಿಟ್ಟರು. ವಯೊಲೆಟ್ ನನ್ನ ಕೈ ಹಿಡಿದಳು. ಅಷ್ಟು ದಿನ ತಡೆದಿದ್ದ ಅಳು ಅವಳಿಗೆ ಆಗ ಬಂತು. ನನಗೂ ಬಂತು, ಯಾಕೆ ಮುಚ್ಚಿಡಲಿ.

ಉಳಿದ ಪರಿಚ್ಛೇದಗಳಿಗೆ ಬೇಗ ಬೇಗ ಮತ ಬಿತ್ತು. ರಾಜನ ಸಂಬಂಧ ಕಡಿದುಹೋಯಿತು. ಸಭೆ ಮುಗಿದು ಹೊರಗೆ ಬಂದಾಗ ಬಿಸಿಲು ಇನ್ನೂ ಚುರುಕಾಗಿಯೇ ಇತ್ತು. ಡೀಕನ್ನರು ಬಾಗಿಲ ಬಳಿ ಟೋಪಿ ತಿರುಗಿಸುತ್ತಾ ನಿಂತಿದ್ದರು. ನಾವು ದಾಟಿ ಹೋಗುವಾಗ ಗಂಟಲು ಸರಿಮಾಡಿಕೊಂಡರು.

"ಕ್ವಾಕೊ, ನಾಳೆ ಬೆಳಿಗ್ಗೆ ಹಸುಗಳ ಹಾಲು... ಕರೆದುಕೊಡ್ತೀಯಾ?"

ಇಪ್ಪತ್ತಾರು ವರ್ಷಗಳಲ್ಲಿ ಅವರು ನನಗೆ ಸಾವಿರ ಪ್ರಶ್ನೆ ಕೇಳಿರಬಹುದು. ಎರಡು ಉತ್ತರ ಇದ್ದ ಪ್ರಶ್ನೆ ಅದೊಂದೇ.

"ಇಲ್ಲ," ಅಂದೆ. ಹಸುಗಳ ಮೇಲೆ ನನಗೇನೂ ಸಿಟ್ಟಿರಲಿಲ್ಲ. ಆ ಮಾತು ನನ್ನ ಬಾಯಲ್ಲಿ ಹೇಗೆ ಕೇಳಿಸುತ್ತದೆ ಅಂತ ಒಮ್ಮೆ ಕೇಳಬೇಕಿತ್ತು.