ಕೂದಲು ಬಿದ್ದ ಸಮುದ್ರ

ಸರೋವರದ ಬೆಳಕು ಕಿಟಕಿಯಿಂದ ಬಂದು ಹರಾಜು ಕೂಗುವವಳ ಕನ್ನಡಕದ ಮೇಲೆ ಕುಣಿಯುತ್ತಿದೆ, ಯಾರಾದರೂ ಪರದೆ ಎಳೆಯಬಾರದೇ, ಅವಳ ಬೆನ್ನ ಹಿಂದೆ ಗೋಡೆಯಗಲ ನಮ್ಮ ಮಾವನ ಕೈಕೆಲಸದ ಕೈಗಡಿಯಾರದ ಚಿತ್ರ, ಎನಾಮಲ್ಲಿನ ನೀಲಿ ಸಮುದ್ರ, ಚಿನ್ನದ ತಂತಿಯ ಅಂಚಿನ ಹಸಿರು ಖಂಡಗಳು, ಸುತ್ತ ಊರುಗಳ ಹೆಸರು, ಲೋಕದ ಗಂಟೆಗಳೆಲ್ಲ ಒಂದೇ ಮುಖದಲ್ಲಿ — ಟೋಕಿಯೋದವರು ಮಲಗುವ ಹೊತ್ತು, ನ್ಯೂಯಾರ್ಕಿನವರು ಹಲ್ಲುಜ್ಜುವ ಹೊತ್ತು, ನಾನು ಜಿನೀವಾದಲ್ಲಿ ಕೈ ಕಟ್ಟಿ ಕೂತಿದ್ದೇನೆ. ಕೈ ಎತ್ತಬಾರದು, ಬೆಳಿಗ್ಗೆಯೇ ತೀರ್ಮಾನವಾಗಿದೆ, ಕೂದಲು ಬಿದ್ದಿದೆ. ಎನಾಮಲ್ಲಿನ ಬಿರುಕಿಗೆ ಈ ಊರಿನಲ್ಲಿ ನಾವು ಕೂದಲು ಅಂತಲೇ ಅನ್ನುವುದು, ಆ ಒಂದು ಮಾತು ಬಾಯಿಗೆ ಬಂದರೆ ಯಾವ ಸಂಗ್ರಾಹಕನೂ ಅಲ್ಲಿ ನಿಲ್ಲುವುದಿಲ್ಲ. ಆದರೆ ಆ ದ್ವೀಪ — ಆಫ್ರಿಕದ ಕೆಳಗೆ, ಯಾವ ಭೂಪಟದಲ್ಲೂ ಇಲ್ಲದ ಹಸಿರು ಚುಕ್ಕೆ, ತನ್ನ ಮಗಳು ಹುಟ್ಟಿದ ವಾರ ಮಾವ ಕುಲುಮೆಯಲ್ಲಿ ಬೇಯಿಸಿ ಇಟ್ಟದ್ದು, ಮೇಸ್ತ್ರಿ ಬೈದನಂತೆ, ಇಲ್ಲಿ ನೆಲ ಎಲ್ಲಿಂದ ಬಂತಯ್ಯ, ಇದು ಜೋಸಿಯಾನಳದ್ದು ಸ್ವಾಮಿ ಅಂದನಂತೆ ಮಾವ, ಗಡಿಯಾರ ಯಾರದೋ ಕೈಗೆ ಕಟ್ಟಿಕೊಂಡು ಹೊರಟುಹೋಯಿತು. ಮದುವೆಯಾದಂದಿನಿಂದ ನನ್ನ ಜೋಸಿಯಾನ್ ಅದನ್ನೇ ಹುಡುಕಿದಳು. ಅಲ್ಲವೆಂದು ಗೊತ್ತಾದ ಮೇಲೂ ಬಿಡಲಾರದೆ ಕೊಂಡದ್ದೆಲ್ಲ ಸಂಗ್ರಹವಾಯಿತು, ನವಿಲಿನ ಚಿತ್ರದ್ದು, ಹಡಗಿನದು, ಏಷ್ಯಾದ್ದು, ನಾನು ಕಿತ್ತ ಹಲ್ಲುಗಳೆಲ್ಲ ಗಡಿಯಾರಗಳಾಗಿ ಬೀರು ಸೇರಿದವು. ಆಸ್ಪತ್ರೆಯಲ್ಲೂ ಭೂತಗನ್ನಡಿ ದಿಂಬಿನಡಿ, ಹರಾಜಿನ ಪುಸ್ತಕ ಎದೆಯ ಮೇಲೆ. ನನ್ನ ದ್ವೀಪ ಸಿಕ್ಕರೆ ಬಿಡಬೇಡ ಮಾರಾಯ. ಕೂದಲು ಬಿದ್ದಿದ್ದರೆ? ಬಿದ್ದಿದ್ದರೆ ಬೇಡ, ಅಂಥದ್ದನ್ನ ಅಪ್ಪ ಸುತ್ತಿಗೆ ತಗೊಂಡು ಒಡೀತಿದ್ದ. ಮಾರ್ಚಿನಲ್ಲಿ ಹೋದಳು. ಅವಳ ಭೂತಗನ್ನಡಿ ನನ್ನ ಕೋಟಿನಲ್ಲೇ ಇತ್ತು, ಅದರ ಮಡಿಕೆ ಬಿಚ್ಚಿದ್ದು ಇವತ್ತು ಬೆಳಿಗ್ಗೆಯೇ, ಹರಾಜಿಗೆ ಮುಂಚೆ ನೋಡಲು ಇಟ್ಟಿದ್ದ ಗಡಿಯಾರದ ಗಾಜಿನ ಮೇಲೆ ನಾನು ಬಾಗಿದೆ, ದ್ವೀಪ ಕಂಡಿತು, ಜೊತೆಗೇ ಬ್ರೆಜಿಲ್ಲಿನಿಂದ ಆಫ್ರಿಕದವರೆಗೆ ಬೆಳ್ಳಗೆ ಒಂದು ಗೆರೆ. ಒಂದೇ ಸಲ ನೋಡು, ಎರಡನೇ ಸಲ ನೋಡೋದು ಕಣ್ಣಲ್ಲ, ಆಸೆ — ಅದೂ ಅವಳ ಮಾತೇ, ಒಂದೇ ಸಲ ನೋಡಿ ಎದ್ದುಬಂದೆ.

ಸುತ್ತಿಗೆ ಬಿತ್ತು. ಮುಗಿಯಿತು. ಕೊಂಡವನು ಬೇರೆ ಯಾರೂ ಅಲ್ಲ, ಪಕ್ಕದಲ್ಲೇ ಕೂತಿರುವ ತಿಸಿಯೆರ್, ಪ್ರತಿ ಹರಾಜಿನ ಮಧ್ಯಾಹ್ನ ನನ್ನ ಜೊತೆ ಮೀನು ತಿಂದು ಪ್ರತಿ ಹರಾಜಿನಲ್ಲೂ ನನ್ನ ಮೇಲೆ ಬೆಲೆ ಏರಿಸಿ ಕೂಗುವವನು, ತೊಡೆ ತಟ್ಟಿ ನಗುತ್ತಿದ್ದಾನೆ, ಏನು ಡಾಕ್ಟ್ರೇ, ಕೈಗೆ ಅರಿವಳಿಕೆ ಚುಚ್ಚಿಕೊಂಡು ಬಂದಿದ್ರಾ. ಕೂದಲು ಬಿದ್ದಿದೆಯಲ್ಲೋ, ಸಮುದ್ರದ ಮೇಲೆ, ನೋಡಲಿಲ್ವಾ. ಅವನ ನಗು ನಿಂತಿತು. ಎಲ್ಲಿ ಕೂದಲು, ದೀಪ ಓರೆ ಮಾಡ್ಕೊಂಡು ಮೂಲೆಮೂಲೆ ನೋಡಿದೀನಿ, ಒಂದು ಗೀರೂ ಇಲ್ಲ. ಸುಳ್ಳಲ್ಲ, ಗಡಿಯಾರದ ವಿಷಯದಲ್ಲಿ ಇವನು ಸುಳ್ಳು ಹೇಳುವುದಿಲ್ಲ, ಆಮೇಲೆ ಮರಳಿ ಕೊಡುವವನೂ ಅಲ್ಲ, ಅಪ್ಪನಿಗೂ ಕೊಡದವನು. ಹಾಗಾದರೆ ನಾನು ಕಂಡದ್ದೇನು. ಭೂತಗನ್ನಡಿ ತೆಗೆಯುತ್ತೇನೆ, ಮಡಿಕೆ ಬಿಚ್ಚಿ ಅಂಗೈ ಮೇಲೆ ಹಿಡಿಯುತ್ತೇನೆ, ಅಂಗೈಯ ಗೆರೆಗಳು, ಗೆರೆಗಳ ಮೇಲೆ ಅಡ್ಡಲಾಗಿ ಬೆಳ್ಳಗೆ ಅದೇ ಗೆರೆ — ಕೈ ಸರಿಸಿದರೂ ಗೆರೆ ಸರಿಯುವುದಿಲ್ಲ, ಕನ್ನಡಿಯ ಕೀಲಿನಲ್ಲಿ ಒಂದು ತುದಿ ಸಿಕ್ಕಿಕೊಂಡಿದೆ, ಇನ್ನೊಂದು ಜೋತುಬಿದ್ದು ಅಂಗೈ ಮುಟ್ಟುತ್ತಿದೆ. ಕೂದಲು. ನಿಜವಾದ ಕೂದಲು, ಉದ್ದನೆಯದು, ದಿಂಬಿನ ಮೇಲಿನದು, ನರ್ಸಮ್ಮ ಬಾಚುವಾಗ ಮೆಲ್ಲಗೆ ಕಣಮ್ಮ, ಇರೋದೇ ನಾಲ್ಕು ಅಂತ ಅವಳು ಅಂದದ್ದು, ನನಗೆ ಅಳು ಬರುತ್ತಿದೆ, ಸಿಟ್ಟೂ ಬರುತ್ತಿದೆ, ನಿನ್ನ ದ್ವೀಪಕ್ಕೆ ನೀನೇ ಅಡ್ಡ ಮಲಗಿದೆಯಲ್ಲೇ. ಇವತ್ತು ಬೆಳಿಗ್ಗೆ ಎರಡನೇ ಸಲ ನೋಡಿದ್ದರೆ — ತಿಸಿಯೆರ್ ಬಾಗಿ ಇಣುಕುತ್ತಿದ್ದಾನೆ, ಏನದು, ಧೂಳಾ, ಊದಿಬಿಡಿ ಡಾಕ್ಟ್ರೇ. ಕೂದಲು. ಊದಬೇಡ, ಉಸಿರು ಬಿಡಬೇಡ, ಅಂಗೈ ಮೇಲೆ ಅವಳ ಕೂದಲು.